ಬಾಗಿಲ ಹೊರಗೆ ಇಟ್ಟ ದಿಂಬು

ಈ ಪ್ರವಾಸದ ಬಗ್ಗೆ ಬರೆಯುವುದನ್ನು ನಾನು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದೇನೆ. ನಮ್ಮ ವೃದ್ಧಾಶ್ರಮದ ವಾರ್ಷಿಕ ಸಂಚಿಕೆಯನ್ನು ಹೊರತರುವವರು ಸುಶೀಲಾಬಾಯಿ ಟೀಚರ್. ನಿವೃತ್ತರಾಗಿ ಇಲ್ಲಿಗೆ ಬಂದು ನೆಲೆಸಿದವರು, ಆದರೆ ಅವರೊಳಗಿನ ಶಾಲೆ ಇನ್ನೂ ಬಿಟ್ಟಿಲ್ಲ. "ಮ್ಯಾನೇಜರ್ರ, ಪರದೇಶದ ಲೇಖನ ಎಲ್ಲಿ ಐತ್ರಿ?" ಎಂದು ಊಟಕ್ಕೆ ಕುಳಿತವರ ಮುಂದೆಯೇ ಕೇಳುತ್ತಾರೆ. ಮೊದಲು ಕನ್ನಡಕದ ನಂಬರು ಬದಲಾಗಿದೆ ಎಂದೆ. ಆಮೇಲೆ ಫೋಟೋ ತೊಳೆಸಬೇಕು ಎಂದೆ. "ಮೊಬೈಲ್‌ದಾಗಿನ ಫೋಟೋ ಯಾವ ಹೊಂಡದಾಗ ತೊಳಿತೀರಿ?" ಎಂದು ಅವರು ಕೇಳಿದ ಮೇಲೆ ನೆವಗಳು ಮುಗಿದವು.

ನಿಜವಾದ ಕಾರಣ ಬೇರೆಯೇ. ನಾನು ವಿಮಾನ ಹತ್ತಿದ್ದೇ ನಾನು ಮಾಡಿದ ಒಂದು ತಪ್ಪಿನಿಂದ. ವಿಮಾನದ ಬಗ್ಗೆ ಬರೆದರೆ ತಪ್ಪಿನ ಬಗ್ಗೆಯೂ ಬರೆಯಬೇಕಾಗುತ್ತದೆ. ಬರೆಯುತ್ತೇನೆ. ಒಬ್ಬರ ಹೆಸರು ಮಾತ್ರ ಈಗಲೇ ಬರೆಯಲು ಕೈ ಏಳುತ್ತಿಲ್ಲ. ಸದ್ಯಕ್ಕೆ ಅವರನ್ನು ಹಿಂದಿನ ಕೋಣೆಯ ಅವ್ವ ಎಂದು ಕರೆಯುತ್ತೇನೆ.

ಹೊರಡುವ ಮೊದಲು, ಕೆಲಗೇರಿ

ನಮ್ಮ ಆಶ್ರಮ ಕೆಲಗೇರಿ ಕೆರೆಯ ಕಡೆ, ತಗ್ಗಿನಲ್ಲಿದೆ. ಹಿಂದೆ ಒಂದು ನಾಲಾ ಹರಿಯುತ್ತದೆ. ನಾನು ಅಮರಗೋಳದ ಪೇಟೆಯಲ್ಲಿ ಹತ್ತಿ ಅಂಗಡಿಯ ಗುಮಾಸ್ತನಾಗಿ ದುಡಿದು, ಅಲ್ಲಿ ಸಾಕೆನಿಸಿದ ಮೇಲೆ ಇಲ್ಲಿಗೆ ಮ್ಯಾನೇಜರ್ ಆಗಿ ಬಂದೆ. ಓದಿದ್ದು ಎಸ್ಸೆಸ್ಸೆಲ್ಸಿ. ಇಲ್ಲಿರುವ ಬಹಳ ಜನರಿಗಿಂತ ನನ್ನ ವಯಸ್ಸೇನೂ ಕಡಿಮೆಯಲ್ಲ. ಹೊಸದಾಗಿ ಬಂದವರು ನನ್ನನ್ನೇ "ನೀವು ಯಾವ ಕೋಣ್ಯಾಗ ಇರ್ತೀರಿ?" ಎಂದು ಕೇಳುತ್ತಾರೆ.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನಾಲಾ ತುಂಬಿ ನೀರು ಹಿಂದಿನ ಬಾಗಿಲಿನಿಂದ ಒಳಗೆ ಬಂತು. ಮೊಣಕಾಲು ಮುಟ್ಟುವಷ್ಟೂ ಇರಲಿಲ್ಲ, ಆದರೆ ಏರುತ್ತಿತ್ತು. ಕರೆಂಟು ಹೋಗಿತ್ತು. ಎಲ್ಲರನ್ನೂ ಟೆಂಪೋದಲ್ಲಿ ಕೂರಿಸಿ ಏರಿನ ಮೇಲಿರುವ ಕಲ್ಯಾಣ ಮಂಟಪಕ್ಕೆ ಸಾಗಿಸಿದೆವು. ನಮ್ಮಲ್ಲಿ ಹಿಂದಿನ ಪಡಸಾಲೆಯ ಕೊನೆಗೆ ಒಂದೇ ಒಂದು ಕೋಣೆ ಇದೆ. ಅಲ್ಲಿಯ ಅವ್ವನನ್ನು ಕರೆತರುವ ಕೆಲಸ ನನ್ನದು. ಧೋತರ ಎತ್ತಿಕಟ್ಟಿ ಹೊರಟೆ. ಅರ್ಧ ದಾರಿಯಲ್ಲಿ ನೀರಿನ ಮೇಲೆ ಒಂದು ಹಸಿರು ಹಾವು ತೇಲುತ್ತ ನನ್ನ ಕಡೆಗೇ ಬರುವುದು ಕಂಡಿತು. ಹೆಡೆಯನ್ನೂ ಎತ್ತಿತ್ತು. ನಾನು ತಿರುಗಿ ಬಂದೆ. ಓಡಿ ಬಂದೆ ಎಂದು ಬರೆಯಬೇಕು. ಓಡಿಯೇ ಬಂದೆ.

ಟೆಂಪೋದವನು "ಎಲ್ಲಾರೂ ಬಂದ್ರೇನ್ರಿ?" ಎಂದ. ಒಳಗೆ ಕುಳಿತ ತಲೆಗಳ ಮೇಲೆ ಒಮ್ಮೆ ಕಣ್ಣಾಡಿಸಿ, "ಹಿಂದ ಯಾರೂ ಇಲ್ಲ, ನಡಿ" ಎಂದೆ. ಅವ್ವ ಮೊದಲಿನ ಟ್ರಿಪ್ಪಿನಲ್ಲೇ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಾನೇ ನಂಬಲಿಲ್ಲ.

ನಮ್ಮ ಪಂಪು, ಜನರೇಟರ್ ನೋಡಿಕೊಳ್ಳುವ ಮೆಹಬೂಬ ಮಿಸ್ತ್ರಿ ಮಷೀನು ಉಳಿಸಲು ಸಂಜೆ ಒಳಗೆ ಹೋದ. ಹಿಂದಿನ ಕೋಣೆಯ ಅವ್ವ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ಅವರ ಚಪ್ಪಲಿಗಳು ಕೋಣೆಯ ತುಂಬ ತೇಲಾಡುತ್ತಿದ್ದವು. ಮೆಹಬೂಬ ಅವರನ್ನು ಬೆನ್ನ ಮೇಲೆ ಹೊತ್ತು ತಂದ. ದಾರಿಯಲ್ಲಿ ಕಾಲಿಗೆ ತೊಡರಿದ ಹಾವನ್ನೂ ಎತ್ತಿ ತಂದ. ಅದು ಗಿಡಗಳಿಗೆ ನೀರು ಬಿಡುವ ಅವನದೇ ಹಸಿರು ಪೈಪು. ನಾನು ಹೆಡೆ ಅಂದುಕೊಂಡಿದ್ದು ಅದರ ಪ್ಲಾಸ್ಟಿಕ್ ಮೂತಿ.

ಮಂಟಪದಲ್ಲಿ ನಮ್ಮ ಟ್ರಸ್ಟಿನ ಅಧ್ಯಕ್ಷರು ಎಲ್ಲರ ಮುಂದೆ ಕೇಳಿದರು: "ಇವರನ್ನ ಯಾಕ ಬಿಟ್ಟು ಬಂದ್ರಿ?"

"ನಾ ಕರದೆ ರಿ. ಬಾಗಲಕ್ಕ ನಿಂತು ಕರದೆ. ಬರೂದಿಲ್ಲ ಅಂತ ಹಟ ಹಿಡದ್ರು" ಎಂದೆ.

ಎಲ್ಲರೂ ನಂಬಿದರು. ಆ ಅವ್ವ ಸಾರಿನ ಉಪ್ಪಿಗೂ ಸ್ನಾನದ ನೀರಿಗೂ ಜಗಳ ತೆಗೆಯುವವರು ಎಂದು ಹೆಸರಾಗಿದ್ದರು. ಅವರು ನನ್ನನ್ನು ನೋಡಿದರು. ನಾನು ಮಂಟಪದ ತೋರಣ ನೋಡಿದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, "ಹೌದಪಾ, ನಾನ ಬರ್ಲಿಲ್ಲ. ರೊಟ್ಟಿ ಮುಗದಿರ್ಲಿಲ್ಲ" ಎಂದರು.

ಯಾಕೆ ಹಾಗೆ ಹೇಳಿದರೋ ನಾನು ಇಂದಿಗೂ ಕೇಳಿಲ್ಲ.

ಅದರ ಪರಿಣಾಮ ಮಾತ್ರ ಕೂಡಲೇ ಗೊತ್ತಾಯಿತು. "ಇಂಥಾ ಹಟಮಾರಿಗಳನ್ನ ಇಟಗೊಂಡ್ರ ನಾಳೆ ನಮ್ಮ ಕೊರಳಿಗೆ ಬರ್ತೈತಿ. ಆಪತ್ತಿನ್ಯಾಗೂ ಆಶ್ರಮ ನಿಲ್ಲದಂಗ ನಡೀಬೇಕು, ಅದಕ್ಕೊಂದು ಪ್ಲ್ಯಾನ್ ಮಾಡೂಣು. ಅದು ಆದ ಕೂಡಲೇ ಈಕೀನ್ನ ಬ್ಯಾರೆ ಊರಿನ ಆಶ್ರಮಕ್ಕ ಕಳಸೂಣು" ಎಂದರು ಅಧ್ಯಕ್ಷರು. ಅವ್ವನಿಗೆ ಇಲ್ಲಿ ಇದ್ದ ಒಂದೇ ಸುಖ ಎಂದರೆ ಮಧ್ಯಾಹ್ನ ಸುಶೀಲಾಬಾಯಿ ಟೀಚರ್ ಬಂದು ಈ ಅವ್ವನ ಎಡಗಿವಿಯ ಹತ್ತಿರ ಕುಳಿತು ಜೋರಾಗಿ ಪೇಪರ್ ಓದುವುದು, ಇಬ್ಬರೂ ಪ್ರತಿ ಸುದ್ದಿಗೂ ಜಗಳವಾಡುವುದು. ಬೇರೆ ಊರಿನಲ್ಲಿ ಯಾರ ಜೊತೆ ಜಗಳವಾಡುತ್ತಾರೆ?

ನೆದರ್ಲೆಂಡ್ಸಿನಿಂದ ಹಿಂದೊಮ್ಮೆ ನಮ್ಮ ಆಶ್ರಮ ನೋಡಲು ಬಂದಿದ್ದ ಮರೈಕೆ ಎಂಬ ಹೆಣ್ಣುಮಗಳು ಅಲ್ಲಿಯ ವೃದ್ಧರ ಮನೆಯೊಂದನ್ನು ನಡೆಸುತ್ತಾರೆ. ಆ ಊರು ಸಮುದ್ರಕ್ಕಿಂತ ಕೆಳಗೆ ಇದೆ. ನೀರು ಬಂದರೆ ಏನು ಮಾಡಬೇಕೆಂದು ಅವರಿಗೆ ಗೊತ್ತು, ಬಂದು ನೋಡಿ ಎಂದು ಕರೆದರು. ಅಧ್ಯಕ್ಷರ ಮೊಣಕಾಲಿಗೆ ಆಗಷ್ಟೇ ಆಪರೇಶನ್ ಆಗಿತ್ತು. ಹೀಗಾಗಿ ಮ್ಯಾನೇಜರ್ ಆದ ನಾನು, ಮಷೀನು ಬಲ್ಲ ಮೆಹಬೂಬ, ಇಬ್ಬರೂ ಹೊರಟೆವು. ಜನರನ್ನು ಹಿಂದೆ ಬಿಟ್ಟು ಬಂದವನಿಗೇ, ಯಾರನ್ನೂ ಹಿಂದೆ ಬಿಡದ ಹಾಗೆ ಕಲಿತು ಬಾ ಎಂದು ಶಾಲು ಹೊದಿಸಿದರು.

ಪೈಪು ಕಂಡಾಗ ನಾನು ಬಾಯಿಬಿಟ್ಟಿದ್ದರಿಂದ, ಹಾವಿನ ನಿಜ ಗೊತ್ತಿದ್ದವನು ಮೆಹಬೂಬ ಒಬ್ಬನೇ. ಹೊರಡುವ ದಿನ ಅವನು ನನ್ನ ಬ್ಯಾಗು ಎತ್ತಿಕೊಳ್ಳುತ್ತ ಹೇಳಿದ: "ಕಾಕಾ, ಬಂದ ಮ್ಯಾಲೆ ಮೀಟಿಂಗ್‌ನ್ಯಾಗ ಪೈಪಿನ ವಿಷಯ ನೀವು ಹೇಳ್ತೀರೋ, ನಾ ಹೇಳ್ಲೋ?"

"ನಾನ ಹೇಳ್ತೇನಿ."

"ಕಬೂಲ್?"

"ಕಬೂಲ್ ಮಾರಾಯಾ. ಬ್ಯಾಗ್ ಎತ್ತು."

ಆಕಾಶದಲ್ಲಿ

ಮೆಹಬೂಬನ ಬ್ಯಾಗಿನಲ್ಲಿ ಎರಡು ಪಾನಾ ಇದ್ದವು, ನಟ್ಟು ಬಿಚ್ಚುವ ಪಾನಾಗಳು. ವಿಮಾನ ನಿಲ್ದಾಣದವರು ಕಸಿದುಕೊಂಡರು. "ಅಷ್ಟು ದೊಡ್ಡ ಮಷೀನ್‌ದಾಗ ಕುಂದ್ರಸ್ತಾರ, ಒಂದು ನಟ್ ಸಡಿಲ ಆದ್ರ ಯಾರು ಬಿಗಿ ಮಾಡ್ಬೇಕು?" ಎಂದು ಅವನು ದಾರಿಯುದ್ದಕ್ಕೂ ಗೊಣಗಿದ.

ಗಗನಸಖಿ ಜೀವರಕ್ಷಕ ಜಾಕೆಟ್ಟು ಸೀಟಿನ ಕೆಳಗಿದೆ ಎಂದು ತೋರಿಸಿದಳು. ಉಳಿದವರೆಲ್ಲ ನಂಬಿದರು. ಮೆಹಬೂಬ ಬಗ್ಗಿ ಕೈ ಹಾಕಿ ಎಳೆದು ಹೊರಗೆ ತೆಗೆದ.

"ಏ, ಏನ್ ಮಾಡಾಕತ್ತೀಯೋ?"

"ನಾವು ಎಮರ್ಜೆನ್ಸಿ ಕಲಿಯಾಕ ಹೊಂಟೇವಿ ಕಾಕಾ. ಇಲ್ಲಿಂದನ ಚಾಲೂ ಮಾಡೂಣು. ಐತೋ ಇಲ್ಲೋ ನೋಡ್ಬೇಕಲ್ಲ. ನಿಮ್ಮಂಗ ಐತಿ ಅಂದ್ರ ಐತಿ, ಇಲ್ಲ ಅಂದ್ರ ಇಲ್ಲ ಅಂದ್ರ ಹೆಂಗ?"

ಗಗನಸಖಿ ಓಡಿ ಬಂದು ನನ್ನನ್ನೇ ಬೈದಳು, ನನಗೆ ಬಿಳಿ ಕೂದಲು ಇದ್ದ ಕಾರಣ. ಕಿವಿಯ ಮಷೀನು ತೆಗೆದಿದ್ದೆ, ಏನೂ ಕೇಳಲಿಲ್ಲ. ನಗುತ್ತ ತಲೆ ಆಡಿಸಿದೆ. ಅವಳು ನನಗೆ ಇನ್ನೊಂದು ಲೋಟ ನೀರು ತಂದು ಕೊಟ್ಟು ಹೋದಳು.

ಇಳಿದ ಮೇಲೆ ಒಂದು ನಾಯಿ ನನ್ನ ಬ್ಯಾಗನ್ನು ಮೂಸಿ ಕುಳಿತುಬಿಟ್ಟಿತು. ಪೊಲೀಸ್ ನಾಯಿ. ಬ್ಯಾಗು ತೆಗೆಸಿದರು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮೂರೂ ಪುಡಿ, ಮೂರೂ ಪ್ಲಾಸ್ಟಿಕ್ ಚೀಲದಲ್ಲಿ. ಅಧಿಕಾರಿ ಗುರೆಳ್ಳು ಪುಡಿಯನ್ನು ಬೆಳಕಿಗೆ ಹಿಡಿದು ಇದೇನು ಎಂದ. ನನ್ನ ಇಂಗ್ಲಿಷಿನಲ್ಲಿ ಗುರೆಳ್ಳು ಇರಲಿಲ್ಲ. ಮೆಹಬೂಬ ಒಂದು ಚಿಟಿಕೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಚಪ್ಪರಿಸಿದ. ಅಧಿಕಾರಿಗೆ ಏನನ್ನಿಸಿತೋ, ತಾನೂ ಒಂದು ಚಿಟಿಕೆ ಹಾಕಿಕೊಂಡ. ಕೆಮ್ಮು ನಿಂತ ಮೇಲೆ ನಮ್ಮನ್ನು ಬಿಟ್ಟ.

ತಲೆಯ ಮೇಲೆ ಹಡಗು

ಮರೈಕೆ ಕಾರು ತಂದಿದ್ದರು. ಎತ್ತರದ, ಕೆಂಪು ಕೆನ್ನೆಯ ಹೆಂಗಸು, ಗಂಡಸಿನ ಹೆಜ್ಜೆ. ದಾರಿಯ ಪಕ್ಕದಲ್ಲಿ ಹಸಿರು ದಿಬ್ಬದಂಥ ಏರಿ ಇತ್ತು, ಮೇಲೆ ಕುರಿಗಳು. ನಮ್ಮ ಹೆಬ್ಬಳ್ಳಿ ಕಡೆಯ ಹೊಲದ ಬದುವನ್ನು ಹತ್ತಾಳೆತ್ತರ ಮಾಡಿದ ಹಾಗೆ. ಆ ಏರಿಯ ಮೇಲಿನಿಂದ ಒಂದು ಹಡಗಿನ ಹೊಗೆ ಕೊಳವೆ ನಿಧಾನವಾಗಿ ಸಾಗಿತು. ಹಡಗು ನಮ್ಮ ತಲೆಗಿಂತ ಮೇಲಿತ್ತು!

"ನೀರು ಆ ಕಡೆ ಐತಿ, ನಾವು ಈ ಕಡೆ ತಳದಾಗ ಅದೇವಿ" ಎಂದ ಮೆಹಬೂಬ. ಹಡಗು ಮರೆಯಾಗುವ ತನಕ ಕುತ್ತಿಗೆ ತಿರುಗಿಸಿ ನೋಡಿದ. ಕೊನೆಗೆ, "ಕಾಕಾ, ಇಲ್ಲಿ ಮಂದಿ ರಾತ್ರಿ ಹೆಂಗ ಮಲಗ್ತಾರ?" ಎಂದ.

ಆರಾಮಾಗಿ ಮಲಗುತ್ತಾರೆ. ಅದನ್ನೇ ನೋಡಲು ಹೋಗಿದ್ದೆವು. ಮರೈಕೆಯವರ ಮನೆಯಲ್ಲಿ ಜನರೇಟರ್ ಮಾಳಿಗೆಯ ಮೇಲಿದೆ. ನಮ್ಮದು ಬಾವಿಯ ಪಕ್ಕ, ಎಲ್ಲಕ್ಕಿಂತ ತಗ್ಗಿನಲ್ಲಿ, ಮೊದಲು ಮುಳುಗುವುದೇ ಅದು. ಪ್ರತಿಯೊಬ್ಬರ ಔಷಧಿ ಒಂದು ಚೀಲದಲ್ಲಿ, ಚೀಲ ಅವರ ಬಾಗಿಲ ಹಿಂದಿನ ಗೂಟದಲ್ಲಿ. ಹತ್ತಿರದಲ್ಲಿ ವಾಸಿಸುವ ಕೆಲಸದವರು ಯಾರು, ಕಾಲುನಡಿಗೆಯಲ್ಲಿ ಬರಬಲ್ಲವರು ಯಾರು ಎಂದು ಮೊದಲೇ ಗೊತ್ತುಪಡಿಸಿದ್ದಾರೆ. ನೀರು ಬಂದರೆ ಅವರು ಊರು ಬಿಟ್ಟು ಓಡುವುದಿಲ್ಲ, ಮೇಲಿನ ಅಂತಸ್ತಿಗೆ ಹೋಗಿ ಅಲ್ಲೇ ಒಲೆ ಹಚ್ಚುತ್ತಾರೆ. ಅದಕ್ಕಾಗಿ ಡಬ್ಬಿಗಟ್ಟಲೆ ಆಹಾರ ಕೂಡಿಟ್ಟಿದ್ದಾರೆ. ತಿಂಗಳುಗಟ್ಟಲೆ ಕೆಡದ ರೊಟ್ಟಿಯೂ ಇದೆ ಎಂದು ಹೆಮ್ಮೆಯಿಂದ ಒಂದು ಡಬ್ಬಿ ತೆರೆದು ತೋರಿಸಿದರು. ಮುರಿದು ತಿಂದೆ. ನಮ್ಮ ಖಡಕ್ ರೊಟ್ಟಿಯ ಬಡ ಸಂಬಂಧಿ.

ಅದನ್ನು ತಿನ್ನುತ್ತಿರುವಾಗ ಮಂಚದ ಮೇಲೆ ಕುಳಿತ ಅವ್ವ ನೆನಪಾದರು. ಆ ದಿನ ನಮ್ಮ ಆಶ್ರಮದಲ್ಲಿ ಎತ್ತರದ ಜಾಗ, ಕೆಡದ ಆಹಾರ, ಶಾಂತ ಮನಸ್ಸು, ಇವು ಮೂರೂ ಇದ್ದವರು ಅವರೊಬ್ಬರೇ. ಮ್ಯಾನೇಜರ್ ಪೈಪಿಗೆ ಹೆದರಿ ಓಡಿದ್ದ.

ಒಂದೇ ಬಿಸ್ಕತ್ತು

ಅಲ್ಲಿ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಡುತ್ತಾರೆ. ಒಂದು ಎಂದರೆ ಒಂದು. ಡಬ್ಬಿ ನಿಮ್ಮ ಮುಂದೆ ಬರುತ್ತದೆ, ನೀವು ಒಂದು ತೆಗೆದುಕೊಳ್ಳುತ್ತೀರಿ, ಮುಚ್ಚಳ ಟಕ್ ಎಂದು ಮುಚ್ಚುತ್ತದೆ. ನಮ್ಮ ಕಡೆ ಬ್ಯಾಡ ಬ್ಯಾಡ ಎಂದವರ ತಟ್ಟೆಗೂ, ಕೈ ಅಡ್ಡ ಹಿಡಿದರೂ ಬಡಿಸುತ್ತೇವಲ್ಲ, ಆ ಪದ್ಧತಿಯಲ್ಲಿ ಬೆಳೆದ ನಾನು ಮೊದಲ ದಿನ ಮರ್ಯಾದೆಗೆ "ನೋ, ನೋ" ಎಂದೆ. ಡಬ್ಬಿ ಹಾಗೆಯೇ ಮುಂದೆ ಹೋಯಿತು. ಯಾರೂ ಒತ್ತಾಯ ಮಾಡಲಿಲ್ಲ. ಬರಿ ಕಾಫಿ ಕುಡಿದೆ.

ನಮಗೆ ದುಭಾಷಿಯಾಗಿ ಸಿಕ್ಕವರು ಇಂದ್ರಾ ಎಂಬ ನರ್ಸ್. ಸುರಿನಾಮ್ ಎಂಬ ದೇಶದಿಂದ ಬಂದವರು. ಅವರ ಮುತ್ತಜ್ಜ ಬಿಹಾರದ ಕಡೆಯಿಂದ ಅಲ್ಲಿಗೆ ಕಬ್ಬು ಕಡಿಯಲು ಹೋದವರಂತೆ. ಮನೆಯಲ್ಲಿ ಒಂದು ಹಳೇ ಹಿಂದಿ ಮಾತಾಡುತ್ತಾರೆ. ಮೆಹಬೂಬ ಹುಬ್ಬಳ್ಳಿ ಹಿಂದಿ ಶುರು ಮಾಡಿದ: "ಮೇರೆಕು ಔರ್ ಏಕ್ ಬಿಸ್ಕೂಟ್ ಹೋನಾ." ಇಂದ್ರಾ ಗೋಡೆ ಹಿಡಿದುಕೊಂಡು ನಕ್ಕರು. ನೂರು ವರ್ಷಗಳ ಹಿಂದೆ ಬೇರೆಯಾದ ಎರಡು ಹಿಂದಿಗಳು ಒಂದು ಬಿಸ್ಕತ್ತಿನ ಡಬ್ಬಿಯ ಮೇಲೆ ಕೂಡಿಕೊಂಡವು. ಡಬ್ಬಿ ಮಾತ್ರ ತೆರೆಯಲಿಲ್ಲ.

ನನ್ನ ಪಕ್ಕದ ಕೋಣೆಯವರು ತ್ರೂಸ್ ಅಜ್ಜಿ. ನಾವು ಉಳಿದಿದ್ದೂ ಆ ಮನೆಯ ಖಾಲಿ ಕೋಣೆಗಳಲ್ಲೇ. ಆ ದೇಶದವರು ಮನಸ್ಸಿನಲ್ಲಿದ್ದುದನ್ನು ಮುಖಕ್ಕೇ ಹೇಳುತ್ತಾರೆ, ತ್ರೂಸ್ ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. ಮೊದಲ ಬೆಳಿಗ್ಗೆ ಇಂದ್ರಾ ಮೂಲಕ ನನಗೆ ತಿಳಿಸಿದರು: "ನೀವು ಗೊರಕೆ ಹೊಡೆಯುತ್ತೀರಿ. ಗೋಡೆ ದಪ್ಪ ಇದೆ, ಆದರೂ." ಎರಡನೆಯ ಬೆಳಿಗ್ಗೆ: "ನಿನ್ನೆಗಿಂತ ಕಡಿಮೆ." ನಾನು ಧನ್ಯವಾದ ಹೇಳಿದೆ.

"ಇಕಿ ನಮ್ಮ ಹಿಂದಿನ ಕೋಣಿ ಅವ್ವನ ತಂಗಿ ಇರ್ಬೇಕು" ಎಂದ ಮೆಹಬೂಬ.

ದಿಂಬಿನ ಶಾಸ್ತ್ರ

ಆ ಮನೆಯವರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಆಪತ್ತಿನಲ್ಲಿ ಕೋಣೆ ಕೋಣೆಗೆ ಹೋಗಿ ಜನರನ್ನು ಮೇಲೆ ಕಳಿಸುವಾಗ, ಒಂದು ಕೋಣೆ ಖಾಲಿಯಾದ ಕೂಡಲೇ ಅಲ್ಲಿಯ ದಿಂಬನ್ನು ಬಾಗಿಲ ಹೊರಗೆ ನೆಲದ ಮೇಲೆ ಎಸೆಯುತ್ತಾರೆ. ಆಮೇಲೆ ಬರುವವರು ದಿಂಬು ಕಂಡರೆ ಆ ಬಾಗಿಲು ತೆರೆಯುವುದಿಲ್ಲ, ಮುಂದಿನದಕ್ಕೆ ಹೋಗುತ್ತಾರೆ. ಕತ್ತಲಾದರೂ ಕಾಲಿಗೆ ತಾಗುತ್ತದೆ, ಕೂಗಿ ಕೇಳುವ ಅಗತ್ಯವಿಲ್ಲ. ಮೇಲೆ ಹೋದ ನಂತರ ತಲೆ ಎಣಿಸುವುದಿಲ್ಲ. ಎಲ್ಲರ ಹೆಸರೂ ಮರೈಕೆಗೆ ಬಾಯಿಪಾಠ. ಒಬ್ಬೊಬ್ಬರ ಹೆಸರು ಕರೆಯುತ್ತಾರೆ, ಅವರೇ ಉತ್ತರ ಕೊಡಬೇಕು. ಒಬ್ಬರ ಪರವಾಗಿ ಇನ್ನೊಬ್ಬರು "ಇದ್ದಾರೆ" ಎನ್ನುವಂತಿಲ್ಲ.

ಇದನ್ನೆಲ್ಲ ನಾನು ಗಮನವಿಟ್ಟು ಕೇಳಿದೆ. ತಲೆದೂಗಿದೆ. ಛಲೋ ಎಂದೆ.

ಆ ದಿನ ಮಧ್ಯಾಹ್ನ ಊಟವಾಯಿತು. ಊಟವೆಂದರೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ದೊಡ್ಡವರೂ ಚಾಕಲೇಟಿನ ಕಾಳು ಉದುರಿಸಿಕೊಂಡು ತಿನ್ನುತ್ತಾರೆ. ನಾನು ಗುರೆಳ್ಳು ಪುಡಿ ಉದುರಿಸಿಕೊಂಡೆ. ನೋಡಲು ಎರಡೂ ಒಂದೇ ತರಹ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಊಟದ ಮೇಲೆ ಒಂದು ನಿದ್ದೆ ಇಲ್ಲದಿದ್ದರೆ ನನಗೆ ಆ ದಿನ ಪೂರ್ತಿಯಾಗುವುದಿಲ್ಲ. ಕೋಣೆಗೆ ಹೋದೆ. ಅಲ್ಲಿಯ ದಿಂಬು ಹಕ್ಕಿಯ ಪುಕ್ಕ ತುಂಬಿದ್ದು. ತಲೆ ಇಟ್ಟರೆ ಎರಡೂ ಕಿವಿ ಮುಳುಗಿ ಕಣ್ಣು ಮಾತ್ರ ಹೊರಗೆ ಉಳಿಯುತ್ತದೆ. ಎರಡು ರಾತ್ರಿ ಸಹಿಸಿದ್ದೆ. ಬೇಡವಾದ ವಸ್ತುವನ್ನು ಬಾಗಿಲ ಹೊರಗಿಟ್ಟರೆ ಕೆಲಸದವರು ಒಯ್ಯುತ್ತಾರೆ, ಅದು ನಮ್ಮಲ್ಲಿಯ ರೂಢಿ. ನಾನು ದಿಂಬನ್ನು ಹೊರಗಿಟ್ಟು, ಬಾಗಿಲು ಹಾಕಿ, ಧೋತರ ಮಡಚಿ ತಲೆಯಡಿ ಇಟ್ಟುಕೊಂಡು, ಕಿವಿಯ ಮಷೀನು ತೆಗೆದು ಮಲಗಿದೆ.

ನೆನಪಾಗಲಿಲ್ಲವೇ ಎಂದು ಕೇಳುತ್ತೀರಿ. ಆಗಲಿಲ್ಲ. ಕಲಿತದ್ದು ತಲೆಯಲ್ಲಿತ್ತು, ದಿಂಬು ಕೈಯಲ್ಲಿತ್ತು, ಎರಡಕ್ಕೂ ಪರಿಚಯವೇ ಆಗಿರಲಿಲ್ಲ.

ನಾನು ಖಾಲಿಯಾದ ಮಧ್ಯಾಹ್ನ

ಅವತ್ತೇ ಮರೈಕೆ, ಮುಂಚಿತವಾಗಿ ಯಾರಿಗೂ ಹೇಳದೆ, ನೀರು ಬಂದಿದೆ ಎಂಬ ಅಭ್ಯಾಸದ ಗಂಟೆ ಬಾರಿಸಿದರು. ಆಮೇಲೆ ನಡೆದದ್ದನ್ನು ನಾನು ಮೆಹಬೂಬನಿಂದ ಕೇಳಿ ಬರೆಯುತ್ತಿದ್ದೇನೆ, ಏಕೆಂದರೆ ನಾನು ನಿದ್ರೆಯಲ್ಲಿದ್ದೆ.

ಮೆಹಬೂಬ ನಡೆಯಲಾರದ ರೋಗಿಯ ವೇಷಕ್ಕೆ ತಾನೇ ಒಪ್ಪಿಕೊಂಡ. ಅವನನ್ನು ಹಾಸಿಗೆ ಸಮೇತ ಚೀಲದಂತೆ ಕಟ್ಟಿ ಮೆಟ್ಟಿಲು ಹತ್ತಿಸಿದರು. "ಮದಿವಿ ಮೆರವಣಿಗ್ಯಾಗ ಸುದ್ದೆ ನನ್ನ ಇಷ್ಟು ಛಲೋ ಯಾರೂ ಹೊತ್ತಿರ್ಲಿಲ್ಲ" ಎಂದು ಈಗಲೂ ಹೇಳುತ್ತಾನೆ. ಇಂದ್ರಾ ನಮ್ಮ ಸಾಲಿನ ಕೋಣೆಗಳಿಗೆ ಬಂದರು. ನನ್ನ ಬಾಗಿಲ ಹೊರಗೆ ದಿಂಬು. ಖಾಲಿ. ಮುಂದೆ ಹೋದರು.

ಮೇಲೆ ಹೆಸರು ಕರೆದರು. ಎಲ್ಲರೂ ಉತ್ತರಿಸಿದರು. ಕೊನೆಗೆ ಅತಿಥಿಗಳದು. ಮೆಹಬೂಬ ಹಾಸಿಗೆಯೊಳಗಿಂದ "ಹಾಜರ್" ಎಂದ. "ಷೇಕಾ-ರಾಪ್ಪಾ" ಎಂದು ಕರೆದರು ಮರೈಕೆ. ಅದು ನಾನು, ಶೇಖರಪ್ಪ. ಉತ್ತರವಿಲ್ಲ. ಮತ್ತೆ ಕರೆದರು. ಇಂದ್ರಾ, ಕೋಣೆ ಖಾಲಿ ಇತ್ತು, ದಿಂಬು ಹೊರಗಿತ್ತು ಎಂದರು. ಬಹುಶಃ ತೋಟದಲ್ಲಿ ಇರಬೇಕು ಎಂದರು ಯಾರೋ. ಇನ್ನಾರೋ, ಅವರು ಅತಿಥಿ, ಲೆಕ್ಕಕ್ಕಿಲ್ಲ, ಕಾಫಿ ಆರುತ್ತಿದೆ ಎಂದರು. ಮರೈಕೆ ಬಿಸ್ಕತ್ತಿನ ಡಬ್ಬಿ ಮುಟ್ಟಲಿಲ್ಲ. ಹೆಸರಿಗೆ ಉತ್ತರ ಬರುವ ತನಕ ಅಭ್ಯಾಸ ಮುಗಿಯುವುದಿಲ್ಲ ಎಂದರು. ಗಾಲಿಕುರ್ಚಿಯವರು, ಕೋಲಿನವರು, ಎಲ್ಲರೂ ಬಿಸ್ಕತ್ತಿಲ್ಲದೆ ಕಾದರು.

ಆಗ ತ್ರೂಸ್ ಅಜ್ಜಿ ಕೈ ಎತ್ತಿದರು. "ಗಂಟೆ ಬಾರಿಸುವ ಮೊದಲೇ ಅವನ ದಿಂಬು ಹೊರಗಿತ್ತು. ನಾನು ನೋಡಿದೆ. ಅವನು ಒಳಗೇ ಇದ್ದಾನೆ. ಗೊರಕೆ ಕೇಳುತ್ತಿತ್ತು."

ಮೆಹಬೂಬ ಕಟ್ಟಿದ ಹಾಸಿಗೆಯಿಂದ ಬಿಡಿಸಿಕೊಂಡು ಓಡಿ ಬಂದ. ನನ್ನ ಹೆಗಲು ಹಿಡಿದು ಅಲುಗಾಡಿಸಿದ. ಕಿವಿ ಕೇಳದ ನಾನು ಕಣ್ಣು ಬಿಟ್ಟೆ, ಅವನ ಬಾಯಿ ಆಡುವುದು ಕಂಡಿತು, "ನೀರು" ಎಂದಂತಾಯಿತು. ನಾನು ಮಂಚದ ಮೇಲೆ ಎದ್ದು ನಿಂತು, ಇಲ್ಲದ ಧೋತರವನ್ನು ಎತ್ತಿಕಟ್ಟಲು ನೋಡುತ್ತ, "ಹಾವೂ! ಹಾವೂ!" ಎಂದು ಕೂಗಿದೆ.

ಧೋತರ ತಲೆಯಡಿ ಇತ್ತಲ್ಲ. ಬಾಗಿಲಲ್ಲಿ ಇಂದ್ರಾ ನಿಂತಿದ್ದರು. ನನ್ನ ಪಟ್ಟಾಪಟ್ಟಿ ಚಡ್ಡಿಯ ಬಗ್ಗೆ ಅವರು ಯಾರಿಗೂ ಹೇಳಲಿಲ್ಲ ಎಂದುಕೊಂಡಿದ್ದೇನೆ. ಆದರೆ ಮರುದಿನ ತ್ರೂಸ್ ಅಜ್ಜಿ, ಪಟ್ಟೆಗಳು ನಿಮಗೆ ಒಪ್ಪುತ್ತವೆ ಎಂದರು.

ನನ್ನನ್ನು ಮೇಲೆ ಕರೆದೊಯ್ದರು. ಮರೈಕೆ ಮತ್ತೊಮ್ಮೆ ಎಲ್ಲರ ಮುಂದೆ ನನ್ನ ಹೆಸರು ಕರೆದರು. ನಮ್ಮ ಊರಿನ ಹಾಗೆ "ಓ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಸ್ಕತ್ತಿನ ಡಬ್ಬಿ ತೆರೆಯಿತು.

ಆಮೇಲೆ ಮರೈಕೆ ಒಂದು ಕುರ್ಚಿ ಎಳೆದುಕೊಂಡು ನನ್ನ ಎದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತರು. ನನ್ನ ಕೈ ಹಿಡಿದರು. "ನೀವು ಒಳಗಿದ್ದಿರಿ, ನಾವು ಖಾಲಿ ಎಂದೆವು. ನಿಜವಾದ ನೀರು ಬಂದಿದ್ದರೆ ನೀವು ಇರುತ್ತಿರಲಿಲ್ಲ. ಬಾಗಿಲು ತೆರೆದು ನೋಡಬೇಕಿತ್ತು. ತಪ್ಪು ನನ್ನದು. ಕ್ಷಮಿಸಿ" ಎಂದರು. ಇಂದ್ರಾ ಅದನ್ನು ಹಿಂದಿಗೆ ತಂದರು, ಮೆಹಬೂಬ ಕನ್ನಡಕ್ಕೆ ತಂದ. ತರುವಾಗ ಅವನ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ.

ನಾನು, "ಅಲ್ಲ ಅಲ್ಲ, ದಿಂಬು ಇಟ್ಟಾವ ನಾನ. ತಪ್ಪು ನಂದ ಐತಿ" ಎಂದೆ.

ಮೆಹಬೂಬ ಅದನ್ನು ಹಿಂದಿಗೆ ತರಲಿಲ್ಲ. ನನ್ನನ್ನೇ ನೋಡಿ ಹೇಳಿದ: "ಕಾಕಾ, ಪರದೇಶದಾಗ ನಿಮ್ಮ ಬಾಯಿಗೆ ಎಷ್ಟು ಲಗೂ ಬಂತು ನೋಡ್ರಿ ಈ ಮಾತು."

ಎಲ್ಲರೂ ಕಾಫಿ ಕುಡಿಯುತ್ತಿದ್ದರು. ನನ್ನ ಕೈಯಲ್ಲಿ ಮರೈಕೆ ಎರಡು ಬಿಸ್ಕತ್ತು ಇಟ್ಟಿದ್ದರು. ಆ ದೇಶದಲ್ಲಿ ಎರಡು ಬಿಸ್ಕತ್ತು ಎಂದರೆ ಸಣ್ಣ ಮಾತಲ್ಲ. ನಾನು ತಿನ್ನಲಿಲ್ಲ.

ತಿರುಗಿ ಕೆಲಗೇರಿ

ಬಂದ ವಾರದಲ್ಲೇ ಮೀಟಿಂಗು. ಅಧ್ಯಕ್ಷರು ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದರು. ಜನರೇಟರ್ ಮೇಲಕ್ಕೆ ಏರಿಸುವುದು, ಔಷಧಿ ಚೀಲ, ಖಡಕ್ ರೊಟ್ಟಿ ಕೂಡಿಡುವುದು, ದಿಂಬು, ಹೆಸರು ಕರೆಯುವ ಪದ್ಧತಿ, ಎಲ್ಲ ಹೇಳಿದೆ. "ಭಾಳ ಛಲೋ" ಎಂದರು. "ಇನ್ನ ಆ ಹಿಂದಿನ ಕೋಣ್ಯಾಕಿದು. ಕಳಸೂ ವ್ಯವಸ್ಥಾ ಮಾಡ್ರಿ."

ಕಿಟಕಿಯ ಹೊರಗೆ ಮೆಹಬೂಬ ಸುಮ್ಮನೆ ಗಿಡಕ್ಕೆ ನೀರು ಬಿಡುತ್ತಿದ್ದ. ಅದೇ ಹಸಿರು ಪೈಪು.

ಎದ್ದು ನಿಂತೆ. "ಅವರು ಹಟ ಮಾಡ್ಲಿಲ್ರಿ. ನಾ ಕರೀಲೇ ಇಲ್ಲ. ಕೋಣಿ ತನಕ ಹೋಗ್ಲೂ ಇಲ್ಲ. ನಡುವ ಒಂದು ಹಾವು ಕಂಡು ಓಡಿ ಬಂದೆ."

"ಹಾವು? ಎಂಥಾ ಹಾವು?"

ಕಿಟಕಿಯ ಕಡೆ ಬೆರಳು ತೋರಿಸಿದೆ. ಮೆಹಬೂಬ ಪೈಪಿನ ಮೂತಿಯನ್ನು ಹೆಡೆಯ ಹಾಗೆ ಎತ್ತಿ ಹಿಡಿದು ಅಧ್ಯಕ್ಷರಿಗೆ ನಮಸ್ಕಾರ ಮಾಡಿಸಿದ.

ಅಧ್ಯಕ್ಷರು ಪೈಪನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಕ್ಕರು. ಆಪರೇಶನ್ ಆದ ಕಾಲು ಸ್ಟೂಲಿನಿಂದ ಜಾರುವಷ್ಟು ನಕ್ಕರು. ಕಣ್ಣೊರೆಸಿಕೊಂಡು, "ಶೇಖರಪ್ಪ, ಸುಳ್ಳು ಹೇಳಿ ಒಂದು ಮುದುಕೀನ್ನ ಊರು ಬಿಡಸ್ತಿದ್ರಲ್ರಿ" ಎಂದರು. ಅದನ್ನು ಹೇಳುವಾಗ ನಗುತ್ತಿರಲಿಲ್ಲ. ಕಳಿಸುವ ಮಾತು ಅಲ್ಲಿಗೆ ನಿಂತಿತು. ನನ್ನ ಕೆಲಸವೂ ನಿಲ್ಲಬಹುದೆಂದು ಕಾದೆ. ಇನ್ನೂ ಇಟ್ಟುಕೊಂಡಿದ್ದಾರೆ.

ನಮ್ಮ ಮೊದಲ ಅಭ್ಯಾಸವನ್ನು ಒಂದು ಬೆಳಿಗ್ಗೆ ಇಟ್ಟುಕೊಂಡೆವು. ಗಂಟೆ ಬಾರಿಸಿ ನೋಡಿದರೆ ಪ್ರತಿಯೊಂದು ಬಾಗಿಲ ಹೊರಗೂ ದಿಂಬು! "ಅಬ್ಬಾ, ಎಷ್ಟು ಲಗೂ ಖಾಲಿ ಆತು!" ಎಂದು ಅಧ್ಯಕ್ಷರು ಹಿಗ್ಗಿದರು. ಒಳಗೆ ಎಲ್ಲರೂ ಆರಾಮಾಗಿ ಚಹಾ ಕುಡಿಯುತ್ತಿದ್ದರು. ನಮ್ಮಲ್ಲಿ ಬಿಸಿಲು ಬಿದ್ದರೆ ದಿಂಬು, ಕೌದಿ ಹೊರಗೆ ಹಾಕುತ್ತಾರೆ. ಅದನ್ನು ನಿಲ್ಲಿಸಲು ಯಾವ ಪ್ಲ್ಯಾನಿಗೂ ಸಾಧ್ಯವಿಲ್ಲ.

ದಾರಿ ತೋರಿಸಿದವರು ಹಿಂದಿನ ಕೋಣೆಯ ಅವ್ವ. "ದಿಂಬು ಯಾಕ ಬೇಕಪಾ? ಹೊಸ್ತಿಲಕ್ಕ ಅಡ್ಡ ಕಸಬರಿಗಿ ಒಗೀರಿ. ಯಾವ ಹೆಣ್ಮಗಳೂ ಸುಮ್ಮ ಸುಮ್ಮನ ಹಂಗ ಇಡಂಗಿಲ್ಲ. ಇಟ್ಟಿದ್ದು ಕಂಡ್ರ ಖರೇನ ಆಪತ್ತು ಬಂದೈತಿ ಅಂತ ತಿಳೀತೈತಿ" ಎಂದರು. ಈಗ ನಮ್ಮ ಯೋಜನೆಯಲ್ಲಿ ಅದೇ ಪೊರಕೆ ಇದೆ. ಮರೈಕೆಗೂ ಫೋಟೋ ಕಳಿಸಿದೆ. ಕಸಬರಿಗೆಗೆ ಏನು ಬೆಲೆ ಎಂದು ಕೇಳಿ ಬರೆದಿದ್ದಾರೆ.

ಇಷ್ಟೆಲ್ಲ ಆದರೂ ಆ ಅವ್ವನ ಎದುರು ಕುರ್ಚಿ ಎಳೆದುಕೊಂಡು ಕುಳಿತು ಆ ಒಂದು ಮಾತು ಹೇಳಲು ನನಗೆ ಆಗಿಲ್ಲ. ಹೋಗಿಲ್ಲವೆಂದಲ್ಲ. ಎಷ್ಟೋ ಸಲ ಹೋದೆ. ಬಾಗಿಲಲ್ಲಿ ನಾನು ಕಂಡ ಕೂಡಲೇ ಅವರು, "ಬರ್ರಿ ಮ್ಯಾನೇಜರ್ರ, ದಾರ್ಯಾಗ ಪೈಪ್ ಕಚ್ಚಲಿಲ್ಲಲ್ಲ?" ಎನ್ನುತ್ತಾರೆ. ಅವರು ನಗುತ್ತಾರೆ, ನಾನೂ ನಗುತ್ತೇನೆ, ಒಂದು ತುಂಡು ರೊಟ್ಟಿ ಕೊಡುತ್ತಾರೆ, ತಿನ್ನುತ್ತೇನೆ. ಬಾಯಿ ತುಂಬಿರುತ್ತದೆ. ಮಾತು ಒಳಗೇ ಉಳಿಯುತ್ತದೆ. ಟ್ರಸ್ಟಿನವರಿಗೆ ಹೇಳಿದೆ, ಈಗ ನಿಮಗೆ ಹೇಳಿದೆ, ಕಾಫಿ ಕೊಟ್ಟ ಮರೈಕೆಗೂ ಬೇರೆ ತಪ್ಪಿನ ನೆವದಲ್ಲಿ ಹೇಳಿದೆ. ನೀರಿನಲ್ಲಿ ಕುಳಿತವರಿಗೆ ಹೇಳಿಲ್ಲ. ಅವರನ್ನು ಕರೆಯಬೇಕಾದ ಹೊತ್ತಿನಲ್ಲಿ ಕರೆಯಲಿಲ್ಲ, ಅದಕ್ಕೇ ಇರಬೇಕು, ಈಗಲೂ ಹೆಸರು ಹಿಡಿದು ಕರೆಯಲು ಆಗುತ್ತಿಲ್ಲ.

ಈ ಸಂಚಿಕೆ ಬಂದ ಮಧ್ಯಾಹ್ನ ಟೀಚರ್ ಇದನ್ನು ಅವರಿಗೆ ಓದಿ ಹೇಳುತ್ತಾರೆ, ನನಗೆ ಗೊತ್ತು. ಸುಶೀಲಾಬಾಯಿಯವರೇ, ಇನ್ನು ಮುಂದಿನದನ್ನು ಸ್ವಲ್ಪ ಜೋರಾಗಿ ಓದಿರಿ. ಅವರ ಎಡಗಿವಿಯ ಕಡೆಗೆ ಸರಿದು, ಹಿಂದಿನ ಪಡಸಾಲೆಯ ಆ ಬಾಗಿಲಲ್ಲಿ ನಿಂತು ನಾನು ಅಂದು ಕೂಗಬೇಕಿದ್ದ ಹಾಗೆ ಓದಿರಿ. ಹೊರಗೆ ಪಡಸಾಲೆಯಲ್ಲಿ ನಾನು ನಿಂತಿರುತ್ತೇನೆ. ಉತ್ತರ ಬರುವ ತನಕ ಹೋಗುವುದಿಲ್ಲ.

ತಪ್ಪು ನನ್ನದು, ನನ್ನನ್ನು ಕ್ಷಮಿಸಿರಿ, ಹೆಬ್ಬಳ್ಳಿಯ ತಂಗೆವ್ವಾ.